ಮಕರದಲ್ಲಿ ಬುಧ, ಮಣಿಪಾಲದಲ್ಲಿ ನಾನು

ಮಕ್ಕಳು ಸಾಮಾನ್ಯವಾಗಿ ತಂದೆಯನ್ನೋ ತಾಯಿಯನ್ನೋ ಹೋಲುತ್ತಾರೆ. ನಮ್ಮ ಮನೆಯಲ್ಲಿ ನಾನು ಇಬ್ಬರನ್ನೂ ಬಿಟ್ಟು ಬುಧ ಗ್ರಹವನ್ನು ಹೋಲಿದೆ. ಇದು ನಾನು ಕಂಡುಹಿಡಿದದ್ದಲ್ಲ. ಕಾಪುವಿನ ಜೋಯಿಸರು ನನ್ನ ನಾಮಕರಣದ ದಿನವೇ ಹೇಳಿದ್ದು. ಮಕರ ಸಂಕ್ರಮಣ ಕಳೆದ ವಾರದಲ್ಲಿ ಹುಟ್ಟಿದ ನನ್ನ ಜಾತಕದಲ್ಲಿ ಬುಧ ಮಕರ ರಾಶಿಯಲ್ಲಿ ಕುಳಿತಿದ್ದಾನೆ. ಬುಧನೆಂದರೆ ಮಾತು, ಬುದ್ಧಿ, ಲೆಕ್ಕ. ಮಕರವೆಂದರೆ ಶನಿಯ ಮನೆ. ಶನಿಯ ಮನೆಯಲ್ಲಿ ಕುಳಿತ ಮಾತು ಹೇಗಿದ್ದೀತು? "ಮಾತು ಕಡಿಮೆ, ತೂಕ ಹೆಚ್ಚು" ಎಂದು ಜೋಯಿಸರು ತೊಟ್ಟಿಲ ಕಡೆ ನೋಡಿ ಹೇಳಿದರಂತೆ. ತೊಟ್ಟಿಲಲ್ಲಿದ್ದ ನಾನು ಆಗ ಗಂಟಲು ಹರಿಯುವಂತೆ ಅಳುತ್ತಿದ್ದೆನೆಂದು ಅಮ್ಮ ಹೇಳುತ್ತಾಳೆ. ಆದರೆ ಶಾಸ್ತ್ರಕ್ಕೆ ವಿರುದ್ಧವಾದ ಸಾಕ್ಷ್ಯವನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಅಂದಿನಿಂದ ನಾನು ಏನು ಮಾಡಿದರೂ ಅದನ್ನು ಮಾಡಿದವನು ಬುಧ. ನೆಂಟರು ಬಂದಾಗ ನಾನು ಬಾಗಿಲ ಹಿಂದೆ ನಿಂತರೆ, "ಪಾಪ, ಮಕರದ ಬುಧ." ಎಂಟು ವರ್ಷದವಳಿದ್ದಾಗ ಒಮ್ಮೆ, ಹೋಳಿಗೆಯ ತಟ್ಟೆಯನ್ನು ತನ್ನ ಎಲೆಯ ಮುಂದೆಯೇ ಇರಿಸಿಕೊಂಡ ದೊಡ್ಡಪ್ಪನನ್ನು "ಇನ್ನೂ ಎಷ್ಟು ಬೇಕು?" ಎಂದು ಕೇಳಿದಾಗ, "ನೋಡಿ ಆ ನಾಲಿಗೆ. ಮಕರದ ಬುಧ ಅಲ್ವಾ." ಸುಮ್ಮನಿದ್ದರೂ ಅವನೇ, ಬಾಯಿ ಬಿಟ್ಟರೂ ಅವನೇ. ಯಾವ ಉತ್ತರ ಬರೆದರೂ ಸರಿಯಾಗುವ ಇಂಥ ಪ್ರಶ್ನೆಪತ್ರಿಕೆ ಮಣಿಪಾಲದಲ್ಲಿ ನಾನು ಗಣಿತ ಕಲಿಸುವ ವಿದ್ಯಾರ್ಥಿಗಳಿಗೆ ಸಿಕ್ಕಿದ್ದರೆ ನಮ್ಮ ಕಾಲೇಜಿನ ಕೀರ್ತಿ ಎಲ್ಲಿಗೋ ಮುಟ್ಟುತ್ತಿತ್ತು. ಗಣಿತದಲ್ಲಿ ನನಗೆ ಪ್ರಥಮ ದರ್ಜೆ ಬಂದಾಗ ಅಪ್ಪ ಜಗಲಿಯಲ್ಲಿ ಕುಳಿತು, "ಬುಧ ಗಣಿತಕ್ಕೆ ಕಾರಕ. ಬಾರದೆ ಎಲ್ಲಿಗೆ ಹೋಗ್ತದೆ?" ಎಂದು ದಾರಿಹೋಕರಿಗೆಲ್ಲ ವಿವರಿಸಿದರು. ಅದೇ ವರ್ಷ ತಮ್ಮ ಅದೇ ಗಣಿತದಲ್ಲಿ ಡುಮ್ಕಿ ಹೊಡೆದ. ಅದಕ್ಕೆ ಕಾರಣ ಅವನ ಮೇಷ್ಟ್ರು. ನಮ್ಮಲ್ಲಿ ಹುಡುಗರು ಫೇಲಾಗುವುದಕ್ಕೆ ಕಾರಣಗಳು ಭೂಮಿಯ ಮೇಲೆ ಸಿಗುತ್ತವೆ. ಹುಡುಗಿಯರು ಪಾಸಾಗುವುದಕ್ಕೆ ಮಾತ್ರ ಆಕಾಶ ನೋಡಬೇಕು.

ನನಗೆ ಇದರಿಂದ ಲಾಭವೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮದುವೆಮನೆಗಳಲ್ಲಿ "ಒಂದು ಹಾಡು ಹೇಳು, ನೋಡುವಾ" ಎಂದು ಪೀಡಿಸುವ ಹೆಂಗಸರಿಂದ ಬುಧ ನನ್ನನ್ನು ಎಷ್ಟೋ ಸಲ ಪಾರುಮಾಡಿದ್ದಾನೆ. ಎಂ.ಎಸ್ಸಿ.ಗೆಂದು ಎರಡು ವರ್ಷ ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ಮಾತ್ರ ಅವನು ನನ್ನ ಜೊತೆಗಿರಲಿಲ್ಲ. ಆಗುಂಬೆ ಘಾಟಿಯ ತಿರುವುಗಳಲ್ಲಿ ತಲೆಸುತ್ತಿ ಕೆಳಗೇ ಇಳಿದುಕೊಂಡಿರಬೇಕು. ಅಲ್ಲಿ ಯಾರಿಗೂ ನನ್ನ ಜಾತಕ ಗೊತ್ತಿರಲಿಲ್ಲವಾದ್ದರಿಂದ ನಾನು ಎಲ್ಲರ ಹಾಗೆ ಮಾತಾಡಿದೆ, ಒಮ್ಮೆ ಮೆಸ್ಸಿನ ಸಾರಿನ ವಿಚಾರದಲ್ಲಿ ಭಾಷಣವನ್ನೂ ಮಾಡಿದೆ. ಊರಿಗೆ ಹಿಂತಿರುಗಿದಾಗ ಅವನು ಬಸ್‌ಸ್ಟ್ಯಾಂಡಿನಲ್ಲಿ ಕಾದು ನಿಂತಿದ್ದ.

ಓದಿನಿಂದಾಗಿ ಬುಧನ ಪರಿಚಯ ನನಗೆ ಬೇರೆ ರೀತಿಯಲ್ಲೂ ಆಗಿತ್ತು. ಅವನು ಸೂರ್ಯನನ್ನು ಬಿಟ್ಟು ದೂರ ಹೋಗುವ ಗ್ರಹವೇ ಅಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಗುಮಾಸ್ತ ಸಾಹೇಬರ ಹಿಂದೆ ಓಡಾಡುವಂತೆ ಒಂದು ಹೆಜ್ಜೆ ಹಿಂದೆಯೋ ಮುಂದೆಯೋ ಇರುತ್ತಾನೆ. ಸೂರ್ಯ ಮಕರಕ್ಕೆ ಬಂದ ತಿಂಗಳಲ್ಲಿ ಹುಟ್ಟಿದ ಎಷ್ಟೋ ಮಕ್ಕಳಿಗೆ ಬುಧನೂ ಅಲ್ಲೇ ಇರುತ್ತಾನೆ. ಶಾಸ್ತ್ರ ನಿಜವಾದರೆ ಅಷ್ಟೂ ಮಂದಿ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಬೆಳಿಗ್ಗೆ ಮಲ್ಪೆ ಬಂದರಿನ ದಕ್ಕೆಯಲ್ಲಿ ಮೀನಿನ ಹರಾಜು ಕೂಗುವವರಲ್ಲೂ ಆ ತಿಂಗಳಲ್ಲಿ ಹುಟ್ಟಿದವರು ಇರಲೇಬೇಕಲ್ಲ.

ಅಷ್ಟು ದೂರ ಹೋಗುವುದೇಕೆ, ನನ್ನ ಪಕ್ಕದಲ್ಲೇ ಲಿಲ್ಲಿ ಇದ್ದಳು. ಲಿಲ್ಲಿ ನಮ್ಮ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳು. ಕಲ್ಯಾಣಪುರದಿಂದ ಬಂದು ಉಡುಪಿಯಲ್ಲಿ ಬಸ್ಸು ಬದಲಿಸಿ, ನನ್ನ ಪಕ್ಕದಲ್ಲಿ ಕುಳಿತು ಬೆಟ್ಟದ ಮೇಲಿನ ಮಣಿಪಾಲಕ್ಕೆ ಬರುತ್ತಿದ್ದಳು. ನಾನು ಹುಟ್ಟಿದ ವರ್ಷವೇ, ನನಗಿಂತ ಎರಡು ದಿನ ತಡವಾಗಿ ಹುಟ್ಟಿದವಳು. ಕುತೂಹಲಕ್ಕೆ ಒಮ್ಮೆ ಹಳೆಯ ಪಂಚಾಂಗ ತೆಗೆದು ನೋಡಿದೆ: ಅವಳ ಬುಧನೂ ಮಕರದಲ್ಲೇ. ಆದರೆ ಇಗರ್ಜಿಯಲ್ಲಿ ಅವಳಿಗೆ ಜ್ಞಾನಸ್ನಾನ ಮಾಡಿಸಿದ ಪಾದ್ರಿಗಳು ಈ ವಿಷಯವನ್ನು ಅವಳ ಮನೆಯವರಿಗೆ ತಿಳಿಸಿರಲಿಲ್ಲ. ಆದ್ದರಿಂದ ಅವಳು ಮಾತಾಡುತ್ತಿದ್ದಳು. ಬಸ್ಸು ಹೊರಡುವಾಗ ಅವಳ ಅಜ್ಜಿಯ ಮಂಡಿನೋವು, ಕುಂಜಿಬೆಟ್ಟಿಗೆ ಬರುವಾಗ ಅಣ್ಣನ ಹೆಂಡತಿಯ ಹೊಸ ಸೀರೆ, ಏರು ಹತ್ತುವಾಗ ಪ್ರಾಂಶುಪಾಲರ ಇಂಗ್ಲಿಷು. ಎಂಜಿನ್ನು ಕಿರುಚಿದರೆ ತಾನೂ ಗೇರು ಬದಲಿಸಿ ಮೇಲಿನ ಸ್ವರಕ್ಕೆ ಹೋಗುತ್ತಿದ್ದಳು. ನಾನು "ಹೌದಾ" ಎನ್ನುತ್ತಿದ್ದೆ. ಇಳಿಯುವಾಗ ಅವಳು, "ಎಷ್ಟು ಮಾತಾಡಿದೆವು ಮಾರಾಯ್ತಿ ನಾವು" ಎನ್ನುತ್ತಿದ್ದಳು. ಆ 'ನಾವು' ಎಂಬಲ್ಲಿ ಅವಳ ಔದಾರ್ಯವಿತ್ತು.

ಹೀಗಿರುವಾಗ ಒಂದು ಭಾನುವಾರ ಕಾಪುವಿನ ಸೋದರತ್ತೆ ಬಂದಿಳಿದಳು. ಅತ್ತೆ ಬರುವಾಗ ಒಂದು ಕೈಯಲ್ಲಿ ಮಟ್ಟುಗುಳ್ಳ ಬದನೆಯ ಚೀಲ, ಇನ್ನೊಂದರಲ್ಲಿ ಒಂದು ಸಂಬಂಧ. ಗುಳ್ಳವನ್ನು ಅವಳು ಒಂದೊಂದಾಗಿ ತಿರುಗಿಸಿ, ತೊಟ್ಟು ನೋಡಿ, ಒತ್ತಿ ನೋಡಿ ತರುತ್ತಾಳೆ. ಸಂಬಂಧದ ವಿಷಯದಲ್ಲಿ ಅಷ್ಟು ಪರೀಕ್ಷೆ ಇಲ್ಲ. ಈ ಸಲದ್ದು ಕಾರ್ಕಳದ ವಕೀಲ. ದೊಡ್ಡ ಮನೆ, ತುಂಬ ಜನ.

"ಹುಡುಗನ ತಾಯಿಗೆ ನಮ್ಮ ಹುಡುಗಿಯ ಜಾತಕ ಬಹಳ ಹಿಡಿಸಿದೆ" ಎಂದಳು ಅತ್ತೆ. "ಮಕರದ ಬುಧ ಉಂಟು ಅಂತ ಹೇಳಿದ ಕೂಡಲೆ ಒಪ್ಪಿದರು. 'ನಮ್ಮಲ್ಲಿ ಮಾತಾಡುವವರು ಬೇಕಾದಷ್ಟು ಜನ ಉಂಟು, ಕೇಳುವವರು ಇಲ್ಲ' ಅಂದರು."

ಕಾರ್ಕಳದವರಿಗೆ ತಲೆಮಾರುಗಳಿಂದ ಬಂಡೆಯ ಮೇಲೆ ಮಾತಿಲ್ಲದೆ ನಿಂತ ಗೊಮ್ಮಟನನ್ನು ನೋಡಿ ಅಭ್ಯಾಸ. ಮನೆಯೊಳಗೂ ಒಂದಿರಲಿ ಎಂದು ಅವರಿಗೆ ಅನಿಸಿದ್ದರೆ ತಪ್ಪೇನೂ ಇಲ್ಲ. ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದವಳು ತಲೆ ಎತ್ತಲಿಲ್ಲ. ಅದನ್ನು ಅತ್ತೆ ಒಪ್ಪಿಗೆಯೆಂದು ಕಟ್ಟಿಕೊಂಡು ಹೋದಳು.

ಆದರೆ ತೊಡಕು ಬೇರೆ ಕಡೆಯಿಂದ ಬಂತು. ಕಾರ್ಕಳದವರು ಜಾತಕವನ್ನು ತಮ್ಮ ಜೋಯಿಸರಿಗೂ ತೋರಿಸಿದರು. ಅವರು ಕನ್ನಡಕ ಏರಿಸಿ ನೋಡಿ, "ಮಕರದ ಬುಧ ಮಿತಭಾಷಿಯಲ್ಲ, ಕಠಿಣಭಾಷಿ" ಎಂದುಬಿಟ್ಟರಂತೆ. ಕಾಪುವಿನ ಜೋಯಿಸರಿಗೆ ಇದು ಮರ್ಯಾದೆಯ ಪ್ರಶ್ನೆಯಾಯಿತು. ಕೊನೆಗೆ, ಹುಡುಗಿ ನೋಡುವ ದಿನ ಇಬ್ಬರೂ ಬಂದು ಮುಖಾಮುಖಿ ತೀರ್ಮಾನಿಸುವುದೆಂದಾಯಿತು. ಹುಡುಗನನ್ನೂ ಕರೆತರುತ್ತೇವೆ ಎಂದು ಆಮೇಲೆ ನೆನಪಿಸಿಕೊಂಡು ಹೇಳಿಕಳುಹಿಸಿದರು.

ಆ ದಿನ ಸಜ್ಜಿಗೆ ಬಜಿಲಿನ ತಿಂಡಿ ಮುಗಿಯುವ ಮೊದಲೇ ವಾದ ಶುರುವಾಯಿತು. ನಾನು ಕಾಫಿ ಕೊಟ್ಟು, ಅಮ್ಮನ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತಿದ್ದೆ. ಹುಡುಗ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಅದು ಕಳೆದ ವರ್ಷದ್ದು.

"ಶನಿಗೆ ಬುಧ ಮಿತ್ರ" ಎಂದರು ಕಾಪುವಿನ ಜೋಯಿಸರು. "ಮಿತ್ರನ ಮನೆಗೆ ಬಂದವನು ಗಲಾಟೆ ಮಾಡ್ತಾನಾ? ತಣ್ಣಗೆ ಕೂತುಕೊಳ್ತಾನೆ."

"ನೀವು ಅರ್ಧ ಶ್ಲೋಕ ಓದಿದ್ದೀರಿ" ಎಂದರು ಕಾರ್ಕಳದ ಜೋಯಿಸರು. "ಶನಿಗೆ ಬುಧ ಮಿತ್ರ, ಸರಿ. ಬುಧನಿಗೆ ಶನಿ ಎಂತ? ಸಮ. ಮಿತ್ರನೂ ಅಲ್ಲ, ಶತ್ರುವೂ ಅಲ್ಲ. ಮನೆಯವ ಬಾ ಬಾ ಅಂತಾನೆ, ಬಂದವನಿಗೆ ಮನಸ್ಸಿಲ್ಲ. ಅಂಥವನ ಮಾತು ಹೇಗಿರ್ತದೆ ಹೇಳಿ."

ನನಗೆ ಮೊದಲ ಬಾರಿಗೆ ಜ್ಯೋತಿಷ್ಯದಲ್ಲಿ ಸ್ವಲ್ಪ ಅರ್ಥವಿದೆ ಅನಿಸಿತು.

ಅಷ್ಟರಲ್ಲಿ ಹುಡುಗ ಕ್ಯಾಲೆಂಡರಿನಿಂದ ಈಚೆ ತಿರುಗಿ, ಕೋರ್ಟಿನ ಅಭ್ಯಾಸದಿಂದಲೋ ಏನೋ, ಒಂದು ಸರಿಯಾದ ಪ್ರಶ್ನೆ ಕೇಳಿದ: "ಅಲ್ಲ, ಇವರು ಕಾಲೇಜಿನಲ್ಲಿ ಪಾಠ ಮಾಡುವುದಲ್ವಾ? ದಿನಾ ಗಂಟೆಗಟ್ಟಲೆ ಮಾತಾಡಲೇಬೇಕಲ್ಲ?"

ನಾನು ದಿನವೂ ಬೆಟ್ಟ ಹತ್ತಿ ಹೋಗಿ ಬರುವುದು ಗಾಳಿ ಸೇವನೆಗಲ್ಲ ಎಂಬುದು ಅಲ್ಲಿದ್ದ ಯಾರಿಗೂ ಅದುವರೆಗೆ ಹೊಳೆದಿರಲಿಲ್ಲ. ಕಾಪುವಿನ ಜೋಯಿಸರು ಮೊದಲು ಚೇತರಿಸಿಕೊಂಡರು. "ಅದು ಸಂಬಳದ ಮಾತು. ಅದನ್ನು ಬುಧನ ಲೆಕ್ಕಕ್ಕೆ ಹಿಡಿಯುವ ಕ್ರಮ ಇಲ್ಲ."

"ಆ ಮಾತು ಇನ್ನು ಬೇಡವೂ ಬೇಡ" ಎಂದರು ಹುಡುಗನ ತಾಯಿ ಸಮಾಧಾನವಾಗಿ. "ಈ ವರ್ಷದ ಪರೀಕ್ಷೆ ಮುಗಿದ ಮೇಲೆ ರಾಜೀನಾಮೆ ಕೊಡ್ತಾಳೆ ಅಂತ ಹೇಳಿದ್ದೀರಲ್ಲ ನೀವು."

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಅತ್ತೆಯ ಮುಖ ನೋಡಿದರು. ಅತ್ತೆ ನನ್ನ ಕಡೆ ವಾಲಿ ಪಿಸುಗುಟ್ಟಿದಳು: "ಬೇಡ ಅಂತ ನೀನು ಹೇಳಲಿಲ್ಲ ಅಲ್ವಾ?"

ನಿಜ, ಹೇಳಿರಲಿಲ್ಲ. ಕೇಳಿದವರೂ ಇರಲಿಲ್ಲ. ಒಂದು ಹುದ್ದೆ, ಒಂದು ಕರಿಹಲಗೆ, ಬೆಟ್ಟ ಹತ್ತುವ ಒಂದು ಬಸ್ಸು: ನನ್ನದೆನ್ನಬಹುದಾದದ್ದು ಇವಿಷ್ಟೇ, ಇವಿಷ್ಟೂ ಬುಧನ ಹೆಸರಿನಲ್ಲಿ ಕೈಬಿಟ್ಟು ಹೋಗಲಿದ್ದವು. ಅಮ್ಮ ಆಗಲೇ ವೀಳ್ಯದ ತಟ್ಟೆಯ ಕಡೆ ಕೈ ಚಾಚಿದ್ದಳು.

"ಕಾರ್ಕಳದ ಜೋಯಿಸರು ಹೇಳಿದ್ದು ಸರಿ" ಎಂದೆ. ನನ್ನ ಸ್ವರ ಕೇಳಿ ನನಗೇ ಗಾಬರಿಯಾಯಿತು, ಏಕೆಂದರೆ ಅದು ತರಗತಿಯ ಸ್ವರ, ಹಿಂದಿನ ಬೆಂಚಿಗೂ ಮುಟ್ಟುವಂಥದ್ದು. "ಮನೆಯವರು ಬಾ ಅನ್ನುತ್ತಾರೆ. ಬರುವವಳಿಗೆ ಸಮ. ನಾನು ಕೆಲಸ ಬಿಡುವುದಿಲ್ಲ."

ಇದರಿಂದ ಮನೆಯಲ್ಲಿ ದೊಡ್ಡ ದುಃಖ ಉಂಟಾಯಿತೆಂದು ನೀವು ಭಾವಿಸಬಾರದು. ಆ ಕೋಣೆಯಲ್ಲಿ ಇಬ್ಬರಂತೂ ತೀರ ಸಂತೋಷಪಟ್ಟರು. "ಕಠಿಣ ವಾಕ್ಕು ಅಂದೆನಲ್ಲ" ಎಂದರು ಕಾರ್ಕಳದ ಜೋಯಿಸರು. "ಇಷ್ಟು ದೊಡ್ಡ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸಿದಳು, ಮಿತಭಾಷಿ ಅಂದೆನಲ್ಲ" ಎಂದರು ಕಾಪುವಿನವರು. ಇಬ್ಬರೂ ಪರಸ್ಪರ ಅಭಿನಂದಿಸಿಕೊಂಡು, ದಕ್ಷಿಣೆ ತೆಗೆದುಕೊಂಡು, ಒಂದೇ ಬಾಡಿಗೆ ಕಾರಿನಲ್ಲಿ ಬಸ್‌ಸ್ಟ್ಯಾಂಡಿನವರೆಗೆ ಹೋದರು. ಹುಡುಗ ಹೊರಡುವಾಗ ನನಗೆ ಕೈಮುಗಿದ. ಕಕ್ಷಿದಾರ ಸೋತರೂ ವಾದ ಚೆನ್ನಾಗಿತ್ತು ಎನ್ನುವ ಹಾಗಿತ್ತು ಅವನ ಮುಖ. ಅವನನ್ನು ಒಂಟಿಯಾಗಿ ಸಂಧಿಸಿದ್ದರೆ ಏನಾಗುತ್ತಿತ್ತೋ ಹೇಳಲಾರೆ. ಆದರೆ ನಮ್ಮಲ್ಲಿ ಮದುವೆಯಾಗುವುದು ಹುಡುಗನನ್ನಲ್ಲ, ಮನೆಯನ್ನು. ಅತ್ತೆ ಮಾತ್ರ ಎರಡು ದಿನ, "ಇಪ್ಪತ್ತೈದು ವರ್ಷ ಬಾಯಿ ಮುಚ್ಚಿದ್ದು ಇದಕ್ಕಾ?" ಎಂದು ಗೋಡೆಗಳನ್ನು ಕೇಳಿದಳು. ಅಮ್ಮ ಏನೂ ಹೇಳದೆ ರಾತ್ರಿ ನನ್ನ ಎಲೆಗೆ ಗುಳ್ಳದ ಹುಳಿ ಎರಡನೆಯ ಸಲ ಬಡಿಸಿದಳು. ಅಮ್ಮನ ಬುಧ ಎಲ್ಲಿದ್ದಾನೆಂದು ಯಾರೂ ಎಂದೂ ನೋಡಿದ್ದಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಗೆದ್ದ ಹಾಗೆ ಆಗುತ್ತಿತ್ತು. ಸೋಮವಾರ ಬಸ್ಸಿನಲ್ಲಿ, ಇದ್ದಕ್ಕಿದ್ದ ಹಾಗೆ ಮಾತಾಡುವ ಹುರುಪು ಬಂದು, ಇಡೀ ಕಥೆಯನ್ನು ಲಿಲ್ಲಿಗೆ ಹೇಳಿದೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಷ್ಟು ಸಾಲದೆ ನಾನು, "ನಿನ್ನ ಬುಧನೂ ಮಕರದಲ್ಲೇ ಉಂಟು, ಗೊತ್ತಾ? ಶಾಸ್ತ್ರದ ಪ್ರಕಾರ ನೀನೂ ಮಿತಭಾಷಿ" ಎಂದೆ. ಅವಳು ಇನ್ನೂ ನಕ್ಕಳು. ಆಮೇಲೆ, "ಹೌದಾ?" ಎಂದಳು. ಅದು ನನ್ನ ಪದ.

ಮರುದಿನ ಅವಳು ಪಕ್ಕದಲ್ಲಿ ಕುಳಿತು ಕಿಟಕಿಯ ಹೊರಗೆ ನೋಡಿದಳು. ಅಜ್ಜಿಯ ಮಂಡಿನೋವು ಹೇಗಿದೆ ಎಂದು ನಾನೇ ಕೇಳಿದೆ. "ಇದೆ" ಎಂದಳು. ಅದರ ಮರುದಿನವೂ ಹಾಗೆಯೇ. ಸ್ಟಾಫ್ ರೂಮಿನಲ್ಲಿ ಪ್ರಾಂಶುಪಾಲರ ಹೊಸ ಸುತ್ತೋಲೆ ಬಂದಾಗ, ಅದರ ಇಂಗ್ಲಿಷನ್ನು ಓದಿ ಅವಳು ಏನೂ ಹೇಳದೆ ಮಡಚಿಟ್ಟಳು. ಕೊನೆಗೆ ಶುಕ್ರವಾರ ಬೆಟ್ಟದ ಏರಿನಲ್ಲಿ ತಗ್ಗಿದ ಸ್ವರದಲ್ಲಿ ಕೇಳಿದಳು: "ನಾವು ಇದನ್ನೆಲ್ಲ ನಂಬುವುದಿಲ್ಲ, ಪಾದ್ರಿಗಳು ಬೈತಾರೆ. ಆದರೂ ನಾನು ಹುಟ್ಟಿದ ಹಾಗೆ ನಾನಿಲ್ಲವೋ ಏನೋ ಅಂತ ಆಗ್ತದೆ ಮಾರಾಯ್ತಿ. ಇಷ್ಟು ದಿನ ಜಾಸ್ತಿ ಮಾತಾಡಿದ್ದು ತಪ್ಪಾಯ್ತಾ?"

ಎಂಜಿನ್ನು ಒಂದೇ ಕಿರುಚುತ್ತಿತ್ತು. ಜೊತೆಗೆ ಇನ್ನೊಂದು ಸ್ವರವಿರಲಿಲ್ಲ. ನಾನು ಕಾರ್ಕಳದವರ ಎದುರು ಕುಳಿತು ಉಳಿಸಿಕೊಂಡದ್ದು ಬೀಜಗಣಿತವನ್ನು ಎಂದುಕೊಂಡಿದ್ದೆ. ಅಲ್ಲ, ಆ ಇನ್ನೊಂದು ಸ್ವರವನ್ನು. ನಾನು ಗಂಟಲು ಸರಿಪಡಿಸಿಕೊಂಡೆ, ಕಾಪುವಿನ ಜೋಯಿಸರು ಮಾಡುವಂತೆಯೇ.

"ನಾನೇ ಲೆಕ್ಕ ತಪ್ಪಿದ್ದೆ" ಎಂದೆ. "ಮತ್ತೆ ಪಂಚಾಂಗ ನೋಡಿದೆ. ನಿನ್ನ ಬುಧ ಮಕರದಲ್ಲಿ ಇಲ್ಲ. ಧನುವಿನಲ್ಲಿ ಉಂಟು."

"ಧನುವಿನಲ್ಲಿದ್ದರೆ ಎಂತ?"

"ಎಷ್ಟು ಮಾತಾಡಿದರೂ ತಪ್ಪಿಲ್ಲ. ಮಾತು ನಿಂತರೆ ಆರೋಗ್ಯ ಕೆಡ್ತದೆ."

ಅವಳು ನಿಟ್ಟುಸಿರು ಬಿಟ್ಟಳು. "ಅದೇ ಹೇಳ್ತೇನೆ, ಮೂರು ದಿನದಿಂದ ತಲೆನೋವು" ಎಂದು ಶುರುಮಾಡಿದವಳು ಕಾಲೇಜಿನ ಗೇಟು ಬಂದರೂ ನಿಲ್ಲಿಸಲಿಲ್ಲ. ಆ ಇಬ್ಬರು ಜೋಯಿಸರ ಬಗ್ಗೆ ನಾನು ಬೇಕಾದಷ್ಟು ಆಡಿಕೊಂಡಿದ್ದೇನೆ. ಆದರೆ ನ್ಯಾಯವಾಗಿ ಹೇಳಬೇಕು: ಅವರು ಬುಧನ ಬಗ್ಗೆ ಏನು ಬೇಕಾದರೂ ಹೇಳಿದರು, ಅವನನ್ನು ಕುಳಿತಲ್ಲಿಂದ ಅಲುಗಿಸಲಿಲ್ಲ. ಗ್ರಹವನ್ನೇ ಎತ್ತಿ ಪಕ್ಕದ ಮನೆಯಲ್ಲಿ ಕೂರಿಸಿದವಳು ಗಣಿತದ ಎಂ.ಎಸ್ಸಿ. ಮುಂದಿನ ವಾರ ಲಿಲ್ಲಿ ತನ್ನ ಅಣ್ಣನ ಹೆಂಡತಿಯ ಹುಟ್ಟಿದ ದಿನವನ್ನು ಕೇಳಿಕೊಂಡು ಬಂದಳು. ಬಸ್ಸಿನಲ್ಲಿ ನಮ್ಮ ಹಿಂದಿನ ಸೀಟಿನವರೂ ಮುಂದಕ್ಕೆ ಬಗ್ಗಿ ಕುಳಿತಿದ್ದರು.