ಶುಕ್ರವಾರದ ಉಗುರು

ಮೂರು ತಿಂಗಳು ಮಸಾಜ್ ಕಲಿತ ನಾನು, ಕೆಲಸ ಸಿಗುವ ಮೊದಲೇ ಹಲಸೂರಿನ ನಮ್ಮ ಬೀದಿಗೆಲ್ಲ "ಸಿಕ್ಕೇಬಿಡ್ತು" ಎಂದು ಸುದ್ದಿ ಹಂಚಿದ್ದೆ. ಇಂದಿರಾನಗರದ ಹೆಂಗಸರ ಮಸಾಜ್ ಸೆಂಟರಿನಲ್ಲಿ ಶುಕ್ರವಾರ ಟ್ರಯಲ್. ಅಲ್ಲಿನ ಮೇಡಂ ಫೋನಿನಲ್ಲೇ ಎಚ್ಚರಿಸಿದ್ದರು: ಹೂವು ಮುಡಿಯಬಾರದು, ಬಳೆ ಇರಬಾರದು, ಬೆರಳ ತುದಿ ದಾಟಿ ಉಗುರು ಕಾಣಬಾರದು. ಇದೇನು ಮಹಾ ಎಂದುಕೊಂಡೆ!

ಉಗುರಿನ ನೆನಪಾದದ್ದು ಶುಕ್ರವಾರ ಸ್ನಾನವಾದ ಮೇಲೆ. ಬಚ್ಚಲಲ್ಲೇ ಕದ್ದು ನೇಲ್ ಕಟರ್ ಒತ್ತಿದೆ. ಟಕ್!

"ಏನೇ ಅದು ಸದ್ದು?" ಹೊರಗಿನಿಂದ ಅತ್ತೆ.

"ಉಗುರು, ಅತ್ತೆ."

"ಶುಕ್ರವಾರ ಕಣೇ! ಲಕ್ಷ್ಮಿ ಎದ್ದು ಹೋಗ್ತಾಳೆ!"

"ಅವಳು ಬರ್ಲಿ ಅಂತಾನೇ ಕತ್ತರಿಸ್ತಿದೀನಿ!"

ವಾದ ನಡೆಯಲಿಲ್ಲ. ಕಟರ್ ಅತ್ತೆಯ ಸೆರಗಿನ ಗಂಟು ಸೇರಿತು. ಟ್ರಯಲ್‌ಗೆ ಸಿದ್ಧವಾಗಿದ್ದದ್ದು ಒಂದೇ ಹೆಬ್ಬೆರಳು.

"ಅದೊಂದರಲ್ಲೇ ಒತ್ತು," ಎಂದರು ಯಜಮಾನರು, ಪೇಪರಿನಿಂದ ತಲೆಯೆತ್ತದೆ.

ಉಳಿದದ್ದನ್ನು ಬಸ್ಸಿನಲ್ಲಿ ಹಲ್ಲಿನಿಂದಲೇ ಮುಗಿಸಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಮರುಕದಿಂದ ಕೇಳಿದರು: "ಯಾಕಮ್ಮಾ, ಪರೀಕ್ಷೆನಾ?"

"ಹೂಂ," ಎಂದೆ.

ಇಳಿದ ಮೇಲೆ ಹೊಸ ಭಯ ಹುಟ್ಟಿತು. ಊರ ಜನವೆಲ್ಲ ಹಿಡಿದ ಕಂಬಿ ಹಿಡಿದು, ಅದೇ ಕೈ ಬಾಯಿಗಿಟ್ಟಿದ್ದೆನಲ್ಲ! ಸೆಂಟರಿನಲ್ಲಿ ಸೋಪು ಹಚ್ಚಿ ಮೊಣಕೈವರೆಗೂ ತೊಳೆದೆ. ಸಮಾಧಾನವಾಗದೆ ಮತ್ತೆ ತೊಳೆದೆ. ಡಿಸೆಂಬರ್ ತಿಂಗಳ ನೀರು!

ಮೇಡಂ ನನ್ನ ಉಗುರು ನೋಡಿ, "ಯಾರ್ರೀ ಕತ್ತರಿಸಿದ್ದು, ಇಲಿನಾ?" ಎಂದರು. ಆದರೂ ದೊಡ್ಡ ಮನಸ್ಸು ಮಾಡಿ ತಾವೇ ಬೋರಲು ಮಲಗಿದರು. ಬೆನ್ನ ಮೇಲೆ ಕೈಯಿಟ್ಟೆ.

"ಅಯ್ಯಮ್ಮಾ! ಐಸ್!"

ಕೈ ಉಜ್ಜಿದೆ. ಬಿಸಿಯಾಗಲಿಲ್ಲ. ಗಾಬರಿಯಲ್ಲಿ ಬುದ್ಧಿ ಎಲ್ಲಿರುತ್ತದೆ? ಚಳಿಯಲ್ಲಿ ಹಾಲಿಗೆ ಕ್ಯೂ ನಿಂತಾಗ ಮಾಡುವಂತೆ ಎರಡೂ ಕೈಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡೆ. ಆಹಾ, ಎಂಥ ಸುಖ! ಆಗಲೇ ಮೇಡಂ ತಿರುಗಿ ನೋಡಬೇಕೇ?

"ಏನ್ರೀ ಮಾಡ್ತಿದೀರಾ?"

"ಕೈ ಬೆಚ್ಚಗೆ ಮಾಡ್ಕೊತಿದೀನಿ ಮೇಡಂ. ನಿಮಗೋಸ್ಕರಾನೇ!"

"ಆ ಕೈಲಿ ನನ್ನ ಮುಟ್ಬೇಡಿ! ಮೊದ್ಲು ಹೋಗಿ ತೊಳ್ಕೊಳ್ಳಿ!"

ತೊಳೆದೆ. ಮತ್ತೆ ಐಸ್! ಮುಟ್ಟುವ ಧೈರ್ಯವಿಲ್ಲದೆ, ಅವರ ಬೆನ್ನಿಗಿಂತ ಗೇಣುದ್ದ ಮೇಲೆ ಕೈ ಚಾಚಿಕೊಂಡು ಆಶೀರ್ವಾದ ಮಾಡುವವಳಂತೆ ನಿಂತೆ. ಬೀದಿಯವರಿಗೆ ಯಾವ ಮುಖ ತೋರಿಸಲಿ ಎಂದು ಕಣ್ಣಲ್ಲಿ ನೀರೇ ಬಂತು.

ಮೇಡಂ ಎದ್ದು ಟವೆಲ್ ಹೊದ್ದುಕೊಂಡರು. "ತೊಳೆಯೋದು ಮಾತ್ರ ಚೆನ್ನಾಗಿ ಬರತ್ತೆ ನಿಮಗೆ. ಇಲ್ಲಿ ಟವೆಲ್ ಒಗೆಯೋಕೆ ಒಬ್ರು ಬೇಕು. ಸೋಮವಾರದಿಂದ ಬರ್ತೀರಾ?"

ಸಂಜೆ ಎದುರುಮನೆ ಅಕ್ಕ ಬಾಗಿಲಲ್ಲೇ ಹಿಡಿದರು. "ಕೆಲಸ ಹೆಂಗಮ್ಮಾ? ದಿನಕ್ಕೆ ಎಷ್ಟು ಜನಕ್ಕೆ ಮಾಡ್ಬೇಕು?"

"ಜನದ ಲೆಕ್ಕ ಇಲ್ಲ ಅಕ್ಕ," ಎಂದೆ. "ಬಕೆಟ್ ಲೆಕ್ಕ!"