ಅತ್ತೆಯವರನ್ನು ಆಕಾಶದಲ್ಲಿ ನಿಲ್ಲಿಸಿದ್ದು

ನೌಕರಿ ಮಾಡುವ ಮನುಷ್ಯನಿಗೆ ದೇವರು ಎರಡು ದನಿ ಕೊಟ್ಟಿರುತ್ತಾನೆಂದು ನನ್ನ ನಂಬಿಕೆ. ಒಂದು ಸಂಬಳದ್ದು, ಇನ್ನೊಂದು ಮನೆಯದು. ನಾನು ವಿಮಾನ ನಿಲ್ದಾಣದ ಟವರಿನಲ್ಲಿ ಕೂತು ಯಾವ ವಿಮಾನ ಇಳಿಯಬೇಕು, ಯಾವುದು ಕಾಯಬೇಕು ಎಂದು ಹೇಳುವವನು. ಅಲ್ಲಿ ನನ್ನ ದನಿ ಕೆನೆಮೊಸರು. ಮೋಡ ಬರಲಿ, ಗಾಳಿ ಬರಲಿ, ಏರುವುದಿಲ್ಲ, ಇಳಿಯುವುದಿಲ್ಲ. ಕೆಳಗಿರುವ ನಾನು ಗಾಬರಿಯಾದರೆ ಮೇಲಿರುವವನೂ ಗಾಬರಿಯಾಗುತ್ತಾನೆ. ಆಮೇಲೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಆಳಂದದ ಮನೆಗೆ ಬಂದ ಮೇಲೆ ಚಾ ಒಂಚೂರು ತಡವಾದರೂ ಸಾಕು, ಜಿಡಗಾ ಮಠದವರೆಗೆ ಕೇಳುವಂತೆ ಒದರುತ್ತೇನೆ. "ದಿನಾ ಪೂರ್ತಿ ಬಾಯಿ ಬಿಗಿ ಹಿಡ್ಕೊಂಡಿರ್ತೇನಿ, ಮನ್ಯಾಗರ ಬಿಡಬ್ಯಾಡೇನು?" ಎಂದು ಹೆಂಡತಿಗೆ ಸಮಜಾಯಿಷಿ ಕೊಡುತ್ತೇನೆ. "ಬಿಡ್ರಿ, ಆದ್ರ ಓಣಿ ಮಂದಿ ಏನ್ ಪಾಪ ಮಾಡ್ಯಾರ?" ಎನ್ನುತ್ತಾಳೆ ಅವಳು.

ದೊಡ್ಡ ಕಂಪನಿಗಳ ಪೈಲಟ್‌ಗಳಿಂದ ನನಗೆ ತೊಂದರೆಯಿಲ್ಲ. ಹೇಳಿದ್ದು ಕೇಳುತ್ತಾರೆ, ಇಳಿಯುತ್ತಾರೆ, ಹೋಗುತ್ತಾರೆ. ಹವ್ಯಾಸಕ್ಕೆಂದು ಸಣ್ಣ ವಿಮಾನ ಹಾರಿಸುವ ಖಾಸಗಿ ಪೈಲಟ್‌ಗಳ ಮಾತೇ ಬೇರೆ. ಅವರಲ್ಲಿ ಕೆಲವರು ನಮ್ಮ ದನಿ ಕೇಳಿದರೆ ಹೆಡ್‌ಮಾಸ್ತರರ ಮುಂದೆ ನಿಂತಂತೆ ತೊದಲುತ್ತಾರೆ. ಉಳಿದವರು, ಕಾಯಿಸಿದರೆ ಮದುವೆಮನೆಯಲ್ಲಿ ಬೀಗರನ್ನು ಕರೆಯದೆ ಬಿಟ್ಟಂತೆ ಮುನಿಸಿಕೊಳ್ಳುತ್ತಾರೆ. ಎರಡಕ್ಕೂ ಔಷಧಿ ಒಂದೇ: ಅದೇ ದನಿ, ಅದೇ ಮರ್ಯಾದೆ. ಮೈಕಿನಲ್ಲಿ ಯಾರಿಗೂ ಹೆಸರಿಲ್ಲ, ಊರಿಲ್ಲ. ವಿಮಾನದ ಮೈಮೇಲೆ ಬರೆದ ಅಕ್ಷರಗಳೇ ಅವರ ಹೆಸರು.

ಇಂಥ ಪೈಲಟ್ ಒಬ್ಬ ನಮ್ಮ ಸಂಬಂಧದಲ್ಲೇ ಹುಟ್ಟಿಕೊಂಡ. ನನ್ನ ಹೆಂಡತಿ ಸುವರ್ಣಾಳ ತಮ್ಮ ಶರಣು, ಜೇವರ್ಗಿಯಲ್ಲಿ ತೊಗರಿ ವ್ಯಾಪಾರ ಮಾಡುವವನು. ಚಿಕ್ಕಂದಿನ ಹುಚ್ಚು ಬಿಡದೆ ವಿಮಾನ ಕಲಿತು ಲೈಸೆನ್ಸ್ ತಂದ. ತಂದ ಮೇಲೆ ಒಂದೇ ಹಟ: ಅಫಜಲಪುರದಲ್ಲಿರುವ ತಾಯಿಗೆ, ಅಂದರೆ ನನ್ನ ಅತ್ತೆಯವರಿಗೆ, ಘತ್ತರಗಿ ಭಾಗ್ಯವಂತಿಯ ಗುಡಿಯನ್ನು ಮೇಲಿನಿಂದ ತೋರಿಸಬೇಕು. ಗೆಳೆಯನೊಬ್ಬನ ಎರಡು ಸೀಟಿನ ವಿಮಾನ ಗೊತ್ತುಮಾಡಿ, ನಮ್ಮ ನಿಲ್ದಾಣದಿಂದಲೇ ಹಾರುವ ದಿನವನ್ನೂ ನಿಗದಿ ಮಾಡಿದ.

"ಮಾಮಾ, ಅವತ್ತ ನೀವ ಡ್ಯೂಟಿ ಮ್ಯಾಲ ಇರ್ತೀರಿ. ಅವ್ವನ್ನ ಕಾಯ್ಸಂಗಿಲ್ಲಲ್ರಿ?"

"ಟವರಿನ್ಯಾಗ ನಾ ನಿನ್ನ ಮಾಮಾ ಅಲ್ಲಪಾ" ಎಂದೆ. ಅವನು ನಕ್ಕ. ನಾನು ಸುಮ್ಮನೆ ಅಂದದ್ದೆಂದುಕೊಂಡ.

ಕಾಯಿಸಲೇಬೇಕಾಯಿತು. ಅವರು ಗುಡಿ ನೋಡಿಕೊಂಡು ತಿರುಗಿ ಬರುವುದಕ್ಕೂ ಬೆಂಗಳೂರಿನ ವಿಮಾನ ಇಳಿಯಲು ಬರುವುದಕ್ಕೂ ಸರಿಹೋಯಿತು. ನೆಲೋಗಿ ಕಡೆಯ ಹೊಲಗಳ ಮೇಲೆ ಸುತ್ತುತ್ತಿರಿ ಎಂದು ಹೇಳಿದೆ. ದನಿ ತಣ್ಣಗೇ ಇತ್ತು, ಹೆದರಿಕೆ ಒಳಗೇ ಇತ್ತು. ನಮ್ಮ ಕಡೆ ಅತ್ತೆಯನ್ನು ಒಂದು ಗಳಿಗೆ ಬಾಗಿಲಲ್ಲಿ ನಿಲ್ಲಿಸಿದರೂ ಮೂರು ತಾಲೂಕಿನ ಬೀಗರಿಗೆ ಸುದ್ದಿ ಮುಟ್ಟುತ್ತದೆ. ನಾನು ಆಕಾಶದಲ್ಲಿ ನಿಲ್ಲಿಸಿದ್ದೆ. ಎರಡನೇ ಸುತ್ತಿನಲ್ಲಿ, ಜೊತೆಗಿರುವವರಿಗೆ ತಲೆ ತಿರುಗುತ್ತಿದೆ ಎಂದು ಶರಣು ತಿಳಿಸಿದ. "ಅತ್ತಿ ಹೆಂಗದಾರಲೇ?" ಎಂಬುದು ನಾಲಗೆಯ ತುದಿಗೆ ಬಂದಿತ್ತು, ನುಂಗಿದೆ. ನಿಯಮದಂತೆ ಇಂಗ್ಲಿಷಿನಲ್ಲಿ, ಮೊದಲು ಇಳಿಯುವ ಅಗತ್ಯವಿದೆಯೇ ಎಂದು ಕೇಳಿದೆ. ಅವನು ಹೂಂ ಎಂದಿದ್ದರೆ ದೊಡ್ಡ ವಿಮಾನವನ್ನೇ ಕಾಯಿಸಿ ಇವರನ್ನು ಇಳಿಸುತ್ತಿದ್ದೆ. ನಿಜವೋ ಸುಳ್ಳೋ ಎಂದು ವಿಚಾರಣೆ ಮಾಡುತ್ತ ಕೂರುವಂತಿಲ್ಲ. ಅವನ ಮಾತನ್ನು ನಾನು ನಂಬಬೇಕು, ನನ್ನ ಮಾತನ್ನು ಅವನು ನಂಬಬೇಕು; ನಮ್ಮಿಬ್ಬರ ಕಸುಬು ನಡೆಯುವುದೇ ಅದರ ಮೇಲೆ. ಆಮೇಲೆ, ಅಗತ್ಯವಿಲ್ಲ, ಸುಧಾರಿಸಿಕೊಂಡಿದ್ದಾರೆ, ಕಾಯುತ್ತೇವೆ ಎಂಬ ಉತ್ತರ ಬಂತು. ಅವನ ಮೇಲೆ ನನಗೆ ನಿಜವಾಗಿಯೂ ಹೆಮ್ಮೆಯಾಯಿತು. ದೊಡ್ಡದು ಇಳಿಯಿತು, ಹಿಂದೆಯೇ ಸಣ್ಣದೂ ಇಳಿಯಿತು. ನನ್ನ ಡ್ಯೂಟಿ ಮುಗಿಯುವಷ್ಟರಲ್ಲಿ ತಾಯಿ ಮಗ ಹೊರಟುಹೋಗಿದ್ದರು.

ಭಾನುವಾರ ಅಫಜಲಪುರದಿಂದ ಊಟಕ್ಕೆ ಕರೆ ಬಂತು. ಅತ್ತೆಯವರು ಹಳೇ ಪದ್ಧತಿಯವರು, ಅಳಿಯನೊಡನೆ ನೇರವಾಗಿ ಮಾತಾಡುವುದಿಲ್ಲ. ಅಡುಗೆಮನೆಯ ಬಾಗಿಲ ಮರೆಯಿಂದ ಮಗಳಿಗೆ ಹೇಳುತ್ತಾರೆ, ಮಗಳು ನನಗೆ ದಾಟಿಸುತ್ತಾಳೆ. ನಾನು ವಿಮಾನದ ಆಫೀಸಿನಲ್ಲಿ ಏನೋ ಬರೆದುಕೊಂಡು ಕೂರುತ್ತೇನೆಂದಷ್ಟೇ ಅವರಿಗೆ ಗೊತ್ತಿತ್ತು; ಕಾಯಿಸಿದವನು ನಾನೇ ಎಂದು ಶರಣು ಈಗ ಹೇಳಿರುತ್ತಾನೆಂದುಕೊಂಡಿದ್ದೆ. ರೊಟ್ಟಿ ಬಂತು, ಎಣ್ಣೆಗಾಯಿ ಬಂತು, ಶೇಂಗಾ ಹೋಳಿಗೆ ತುಪ್ಪದ ಸಮೇತ ಬಂತು. ಕಾಯಿಸಿದ್ದರ ಬಗ್ಗೆ ಒಂದು ಮಾತೂ ಬರಲಿಲ್ಲ, ನನಗೆ ಅದೇ ಹೆದರಿಕೆ. ಕೈ ತೊಳೆದು ನೋಡಿದರೆ ಟವೆಲ್ ಇಲ್ಲ. ಎಷ್ಟು ಹೆದರಿದರೇನು, ಹುಟ್ಟುಗುಣ ಬಿಡುತ್ತದೆಯೇ? ಒದರಿಯೇಬಿಟ್ಟೆ.

ಬಾಗಿಲ ಮರೆಯಲ್ಲಿ ಬಳೆಯ ಸದ್ದಾಯಿತು. "ಸುವರ್ಣಾ, ಮೊನ್ನಿ ವಿಮಾನದಾಗ ನನ್ನ ಕಿವಿಗಿ ಏನೋ ಹಾಕಿದ್ರಲ್ಲ, ಅದರಾಗ ಯಾರೋ ಸಾಹೇಬ್ರು ಮಾತಾಡಾಕತ್ತಿದ್ರು. ಇಂಗ್ಲಿಷ್ ನನಗೇನ್ ತಿಳೀತದ? ಆದ್ರ ಆ ದನಿ ಕೇಳಿ ನನ್ನ ಚಕ್ಕರ್ ಇಳದ್ ಹೋತು ನೋಡು. ಮೊದಲ ಇಳೀತಿರೇನು ಅಂತ ಕೇಳಿದ್ರಂತ. ಇಷ್ಟ್ ಸಮಾಧಾನದ ಮನುಷ್ಯಾ ಕೆಳಗ ಇರೋಮುಂದ ಅವಸರ ಯಾಕ, ಕಾಯೂಣು ತಗೋ ಅಂತ ನಾನ ಶರಣೂಗ ಹೇಳ್ದೆ."

ನನ್ನ ಎದೆ ಹಗುರವಾಗಿ ಹೂವಾಯಿತು. ಪಕ್ಕದಲ್ಲಿ ಊಟಕ್ಕೆ ಕೂತಿದ್ದ ಶರಣು ನನ್ನ ಕಡೆ ನೋಡದೆ, ತಟ್ಟೆಯ ಹೋಳಿಗೆಯನ್ನೇ ಬಹಳ ಗಂಭೀರವಾಗಿ ನೋಡುತ್ತಿದ್ದ. ಕಳ್ಳ, ತಾಯಿಗೆ ಹೇಳೇ ಇರಲಿಲ್ಲ. 'ಆ ಸಾಹೇಬ ನಾನೇ' ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆಯವರು ಮುಂದುವರಿಸಿದರು.

"ಅಳಿಯಾರಿಗೆ ಹೇಳು, ಹೆಂಗೂ ಅದ ಆಫೀಸಿನ್ಯಾಗ ಅದಾರ. ನಾಕ್ ದಿನ ಆ ಸಾಹೇಬ್ರ ಬಾಜೂಕ ಕುಂತು ಮಾತಾಡೂದು ಕಲ್ಕೊಂಡ್ ಬರ್ಲಿ."

ನನಗೆ ಚೆನ್ನಾಗಿಯೇ ಕೇಳಿಸಿತ್ತು. ಆದರೂ ಹೆಂಡತಿ ದಾಟಿಸಿದಳು, ಎರಡು ಸಲ. ನಾನು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, "ಆಯ್ತು, ಕೇಳಿ ನೋಡ್ತೇನಿ ಅಂತ ಹೇಳು" ಎಂದೆ. ನಿಜ ಹೇಳಬಹುದಿತ್ತು. ಆದರೆ ಪಾಪ, ಆ ಸಾಹೇಬರ ಮರ್ಯಾದೆ ಕಳೆಯಲು ನನಗೆ ಮನಸ್ಸಾಗಲಿಲ್ಲ.