ಪಡಸಾಲೆಯಲ್ಲಿ ರೋಗಾಣುಗಳ ಪಟ

ಗೋಡೆ ಇರುವುದು ಮಾಳಿಗೆ ಹೊರುವುದಕ್ಕೆ ಎಂದು ನಂಬಿದವರು ನಮ್ಮ ಹಾನಗಲ್ಲ ಕಡೆ ಕನ್ಯಾ ನೋಡಲು ಬಂದಿಲ್ಲವೆಂದೇ ಲೆಕ್ಕ. ನಮ್ಮಲ್ಲಿ ಗೋಡೆ ಇರುವುದು ಮನೆತನವನ್ನು ತೂಗುಹಾಕುವುದಕ್ಕೆ. ಪಡಸಾಲೆಗೆ ಕಾಲಿಟ್ಟ ಬೀಗರು ಮೊದಲು ನೋಡುವುದು ಹುಡುಗಿಯನ್ನಲ್ಲ, ಸಾಲಾಗಿ ನೇತುಬಿದ್ದ ಪಟಗಳನ್ನು. ಎಡಗಡೆಯಿಂದ ಶುರುಮಾಡಿ, ಒಂದೊಂದರ ಮುಂದೆಯೂ ನಿಂತು, “ಇವರ್ಯಾರು? ಏನಾಗಿ ತೀರಿಕೊಂಡ್ರು?” ಎಂದು ಕೇಳುತ್ತ ಸಾಗುತ್ತಾರೆ. ಬಲಗಡೆಯ ಕೊನೆಯ ಪಟ ಮುಟ್ಟುವ ಹೊತ್ತಿಗೆ ಸಂಬಂಧ ಕೂಡುತ್ತದೋ ಇಲ್ಲವೋ ಎಂಬುದು ಅವರ ಮಟ್ಟಿಗೆ ಮುಗಿದ ಮಾತು. ಆಮೇಲೆ ಹುಡುಗಿಯನ್ನು ಕರೆಸುವುದು ಉಪ್ಪಿಟ್ಟು ತರಲಿಕ್ಕೆ.

ಇದೆಲ್ಲ ಗೊತ್ತಿದ್ದೂ ನಾನು ಆ ಗೋಡೆಗೆ ರೋಗಾಣುಗಳನ್ನು ತೂಗುಹಾಕಿದ್ದೆ. ಹೆಬ್ಬೆಟ್ಟು ಒತ್ತುವ ಮನೆಯಲ್ಲಿ ಹುಟ್ಟಿ, ಚಿಕ್ಕೇರೂರಿನ ಹೊಲದ ಬದುವಿನ ಮೇಲೆ ಕುಳಿತು ಓದಿ, ಧಾರವಾಡದಲ್ಲಿ ಒಂದೆರಡು ಸಲ ಡುಮ್ಕಿ ಹೊಡೆದರೂ ಛಲ ಬಿಡದೆ ಬಿ.ಎಸ್ಸಿ. ಗಿಟ್ಟಿಸಿದವನು ನಾನು. ಎಂಬತ್ತರ ದಶಕದ ಆರಂಭದಲ್ಲಿ ಹಾನಗಲ್ಲಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಶಾಲೆಯಲ್ಲಿ ಒಂದು ಸೂಕ್ಷ್ಮದರ್ಶಕ ಇತ್ತು. ಹೆಡ್‌ಮಾಸ್ತರರು ಅದನ್ನು ತಮ್ಮ ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದರು. ಮಕ್ಕಳಿಗೆ ಅದರ ದರ್ಶನವಾಗುತ್ತಿದ್ದುದು ಆಯುಧಪೂಜೆಯ ದಿನ, ಅದೂ ವಿಭೂತಿ ಕುಂಕುಮ ಸಮೇತ. “ಸರ, ಒಂದ್ಸಲ ಹುಡುಗರಿಗೆ ತೋರಸ್ತೇನ್ರಿ” ಎಂದರೆ, “ಮುರದ್ರ ಯಾರು ಜವಾಬ್ದಾರ್ರಿ? ಬಾಯಿಲೆ ಹೇಳ್ರಿ, ಸಾಕು” ಎನ್ನುತ್ತಿದ್ದರು. ಕಣ್ಣಿಗೆ ಕಾಣದ್ದನ್ನು ಬಾಯಿಂದ ತೋರಿಸಬಲ್ಲ ವಿದ್ಯೆಯನ್ನು ನನಗೆ ಧಾರವಾಡದಲ್ಲಿ ಕಲಿಸಿರಲಿಲ್ಲ. ಆದ್ದರಿಂದ ಕ್ರಿಮಿಗಳನ್ನು ಮನೆಯಲ್ಲೇ ತಯಾರಿಸಲು ನಿಶ್ಚಯಿಸಿದೆ.

ಹುಬ್ಬಳ್ಳಿಯ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂದು ಸಿಗುತ್ತದೆ, ಸಮುದ್ರದ ಪಾಚಿಯಿಂದ ಮಾಡಿದ ಬಿಳಿ ಎಳೆಗಳು. ತಿಳಿದವರು ಅದರಿಂದ ಸಿಹಿ ಮಾಡುತ್ತಾರೆ. ನಾನು ಅದನ್ನು ಕುದಿಸಿ, ಅವ್ವನ ಊಟದ ತಾಟುಗಳಲ್ಲಿ ಸುರಿದು, ನಡುಗುವ ಜೆಲ್ ಮಾಡಿದೆ. ಅದರೊಳಗೆ ಕ್ರಿಮಿಯ ಆಕಾರಕ್ಕೆ ಜಾಲಿಮುಳ್ಳಿನಿಂದ ಪೆನ್ನಿನ ಶಾಯಿ ಚುಚ್ಚಿದರೆ ನೀಲಿ, ಕೆಂಪು ಬಣ್ಣಗಳು ಬೇರು ಬಿಟ್ಟಂತೆ ಹರಡುತ್ತಿದ್ದವು. ಮೊದಲ ತಾಟು ನೋಡಿ ನನಗೇ ನನ್ನ ಮೇಲೆ ಗೌರವ ಹುಟ್ಟಿತು. ಆದರೆ ಒಂದೆರಡು ದಿನ ಬಿಟ್ಟು ನೋಡಿದರೆ ಅದರ ಮೇಲೆ ಹಸಿರು, ಕಪ್ಪು, ಹಳದಿಯ ಬೂಷ್ಟು ಬೆಳೆದು, ನಿಜವಾದ ಸೂಕ್ಷ್ಮಜೀವಿಗಳು ತಾವೇ ಬಂದು ತಮ್ಮ ಚಿತ್ರ ಬರೆದುಕೊಂಡಿದ್ದವು. ನನ್ನ ಕೈಗಿಂತ ಅವುಗಳ ಕೈ ಚಲೋ ಇತ್ತು ಎಂದು ಒಪ್ಪಿಕೊಳ್ಳಲು ಪದವೀಧರನಾದ ನಾನು ತಯಾರಿರಲಿಲ್ಲ. ಅವನ್ನು ತಿಪ್ಪೆಗೆ ಚೆಲ್ಲಿ, ಮುಂದಿನ ಸಲ ಜೆಲ್ಲನ್ನು ಗಾಜಿನ ಮೇಲೆ ತೆಳ್ಳಗೆ ಸುರಿದು ಮಾಳಿಗೆಯ ಮೇಲೆ ಒಣಗಿಸಿದೆ. ಅದು ಹಪ್ಪಳದಂತೆ ಆಯಿತು. ಎಷ್ಟರ ಮಟ್ಟಿಗೆಂದರೆ, ಅವ್ವ ಒಂದು ಮಧ್ಯಾಹ್ನವಿಡೀ ಕೋಲು ಹಿಡಿದು ಕಾಗೆ ಕಾಯ್ದಳು. ಸಂಜೆ ಒಂದು ಚೂರು ಬಾಯಿಗೆ ಹಾಕಿಕೊಂಡು, “ಉಪ್ಪು ಮರತಿಯಲ್ಲೋ” ಅಂದಳು.

ಕೊನೆಯ ಹಂತ ರೆಸಿನ್ನಿನದು. ಗಾಡಿಗಳ ನಂಬರ್ ಪ್ಲೇಟು ಮಾಡುವ ಹುಬ್ಬಳ್ಳಿಯವನೊಬ್ಬನಿಂದ ಡಬ್ಬಿ ತಂದೆ. ಜೇನುತುಪ್ಪದಂಥ ಅಂಟು; ಅದಕ್ಕೊಂದು ದ್ರವ ಬೆರೆಸಿ ಚಿತ್ರದ ಮೇಲೆ ಸುರಿದರೆ ಗಾಜಿನಂತೆ ಗಟ್ಟಿಯಾಗುತ್ತದೆ ಎಂದು ಅವನು ಹೇಳಿದ್ದ. ಹಾನಗಲ್ಲಿನ ಮಳೆಗಾಲದ ವಿಷಯ ಅವನಿಗೆ ಗೊತ್ತಿರಲಿಲ್ಲ. ವಾಸನೆಗೆ ಆಚೆಮನೆಯ ಎಮ್ಮೆ ಹಾಲು ಕೊಡುವುದನ್ನು ಬಿಟ್ಟಿತೆಂದು ಆ ಮನೆಯವರು ಜಗಳಕ್ಕೆ ಬಂದರು. ರೆಸಿನ್ನು ವಾರಗಟ್ಟಲೆ ಜಿಗುಟಾಗಿಯೇ ಉಳಿಯಿತು. ಕಾಲರಾದ ಚಿತ್ರದಲ್ಲಿ ಒಂದು ಸೊಳ್ಳೆ ಸಿಕ್ಕಿಬಿದ್ದು ಶಾಶ್ವತವಾಯಿತು. ಇಡೀ ಚಿತ್ರದಲ್ಲಿ ತಪ್ಪಿಲ್ಲದ್ದು ಅದೊಂದೇ.

ಇಷ್ಟೆಲ್ಲ ಮಾಡಿ ಶಾಲೆಗೆ ಒಯ್ದರೆ ಹೆಡ್‌ಮಾಸ್ತರರು, “ಮೊನ್ನೆನ ಸುಣ್ಣಾ ಹಚ್ಚಿಸೇವಿ, ಮೊಳಿ ಹೊಡಿಯೂದು ಬ್ಯಾಡ” ಎಂದುಬಿಟ್ಟರು. ಹೀಗೆ ಕಾಲರಾ, ಕ್ಷಯ, ವಿಷಮಶೀತ ಮೂರೂ ಕಟ್ಟು ಹಾಕಿಸಿಕೊಂಡು ನಮ್ಮ ಮನೆಗೆ ಬಂದವು. ಗೋಡೆಯಲ್ಲಿ ಮೊಳೆ ಖಾಲಿ ಇದ್ದ ಕಡೆ ಅವನ್ನು ಹಾಕಿದೆ: ಅಜ್ಜನ ಪಟದ ಪಕ್ಕ ಒಂದು, ಅಪ್ಪನ ಪಟದ ಪಕ್ಕ ಒಂದು, ಕರಿ ಗೌನು ತೊಟ್ಟ ನನ್ನ ಪದವಿ ಪಟದ ಪಕ್ಕ ಒಂದು.

ಆಗ ತಂಗಿ ಗಿರಿಜಾಗೆ ಸಂಬಂಧ ಬಂತು. ಹುಡುಗನದು ಶಿಗ್ಗಾಂವಿಯಲ್ಲಿ ಬಟ್ಟೆ ಅಂಗಡಿ. ಹಿಂದೊಮ್ಮೆ ಅವಳೂ ಅವ್ವನೂ ಆ ಅಂಗಡಿಗೆ ಹೋಗಿ, ರಾಶಿ ಸೀರೆ ಬಿಚ್ಚಿಸಿ, ಕೊನೆಗೆ ಒಂದು ಕುಬಸಕ್ಕಾಗುವಷ್ಟು ಕಣ ಮಾತ್ರ ಕೊಂಡಿದ್ದರು. ಹುಡುಗ ಮುಖ ಗಂಟು ಹಾಕದೆ ಎಲ್ಲ ಸೀರೆಯನ್ನೂ ಮತ್ತೆ ಮಡಚಿಟ್ಟಿದ್ದನಂತೆ. ಅದಕ್ಕೂ ಮೊದಲು ಬಂದ ಸಂಬಂಧಗಳಿಗೆಲ್ಲ ಮೂಗು ಮುರಿದಿದ್ದ ಗಿರಿಜಾ ಈ ಸಲ, “ಇದಾದ್ರ ಆಗ್ಲಿ” ಅಂದಳು. ನಮ್ಮ ಮನೆಯ ಮಟ್ಟಿಗೆ ಅದು ಪ್ರೇಮ ನಿವೇದನೆ. ಹುಡುಗನ ಮನೆಯಲ್ಲಿ ಮಾತು ನಡೆಯುವುದು ಸವಣೂರಿನಲ್ಲಿದ್ದ ಅವನ ದೊಡ್ಡವ್ವನದು ಎಂದೂ ತಿಳಿಯಿತು. ಗಿರಿಜಾ ಹಿಂದಿನ ದಿನವೇ ಬಂದು, “ಅಣ್ಣಾ, ನಾಳಿ ಒಂದಿನ ಆ ಹುಳಾನೆಲ್ಲಾ ತಗದಿಡೊ” ಎಂದಳು. “ಹುಳ ಅಲ್ಲ, ಬ್ಯಾಕ್ಟೀರಿಯಾ. ಓದಿದವರ ಮನಿ ಅಂತ ಅವರಿಗೂ ತಿಳೀಲಿ” ಎಂದೆ. ತಿಳಿಯಿತು.

ದೊಡ್ಡವ್ವ ಬಂದರು. ಹಿಂದೆ ಹುಡುಗ, ನೆಲ ನೋಡುತ್ತ. ಅವ್ವ ಕೊಟ್ಟ ನೀರಿನ ಲೋಟ ಕೈಯಲ್ಲಿ ಹಿಡಿದೇ ದೊಡ್ಡವ್ವ ಗೋಡೆಯ ಎಡತುದಿಯಿಂದ ಶುರುಮಾಡಿದರು.

“ಇವ್ರ್ಯಾರ್ರಿ ಮಾಸ್ತರ?”

“ನಮ್ಮ ಅಜ್ಜಾರ್ರಿ.”

“ಇದು?”

“ಕಾಲರಾ ರೀ. ವಾಂತಿಭೇದಿ.”

ದೊಡ್ಡವ್ವ ಲೋಟವನ್ನು ಮೆಲ್ಲಗೆ ಕಿಟಕಿಯಲ್ಲಿಟ್ಟರು. ಮುಂದೆ ಅಪ್ಪ, ಅಪ್ಪನ ಪಕ್ಕ ಕ್ಷಯ. ನಾನು ಹುರುಪಿನಿಂದ, ನೀಲಿಯ ಮೇಲೆ ಕೆಂಪು ಕಡ್ಡಿಗಳು ಹೇಗೆ ಮೂಡಿವೆ ನೋಡ್ರಿ ಎಂದು ವಿವರಿಸಿದೆ. ಸತ್ತವರು ಏನಾಗಿ ಸತ್ತರು ಎಂದು ದೊಡ್ಡವ್ವ ಕೇಳಲೇ ಇಲ್ಲ. ಎಂಥ ಸಂಭಾವಿತರು ಎಂದುಕೊಂಡೆ. ಅಜ್ಜ ಹೋದದ್ದು ಮುಪ್ಪಿನಿಂದ, ಅಪ್ಪ ಹೋದದ್ದು ಚಕ್ಕಡಿಯಿಂದ ಬಿದ್ದು. ಸತ್ತವರ ಪಕ್ಕದಲ್ಲೇ ಸಾಯಿಸಿದ್ದರ ಪಟವನ್ನೂ ಹಾಕಿರುವಾಗ ಬಾಯಿಬಿಟ್ಟು ಕೇಳುವ ಅಗತ್ಯವೇನಿದೆ ಎಂದು ಅವರು ಸುಮ್ಮನಿದ್ದರೆಂಬುದು ನನ್ನ ಬಿ.ಎಸ್ಸಿ. ತಲೆಗೆ ಹೊಳೆಯಲಿಲ್ಲ.

“ಚಲೋ ಪದ್ಧತಿ,” ಎಂದರು ದೊಡ್ಡವ್ವ. “ಮುಚ್ಚಿಡೂ ಮಂದಿನ ಬಾಳ.”

ಕೊನೆಗೆ ನನ್ನ ಪಟ. ಕರಿ ಗೌನು, ಕೈಯಲ್ಲಿ ಸುರುಳಿ. ಪಕ್ಕದಲ್ಲಿ ವಿಷಮಶೀತ, ಮೈತುಂಬ ಕೂದಲಿನಂಥ ಬಾಲಗಳು. ಅವರು ಪಟ ನೋಡಿ, ನನ್ನನ್ನು ನೋಡಿ, ದನಿ ತಗ್ಗಿಸಿ, “ಈಗ ಹೆಂಗೈತ್ರಿ?” ಎಂದರು. ನೌಕರಿಯನ್ನು ಕೇಳುತ್ತಿದ್ದಾರೆ ಎಂದುಕೊಂಡು, “ಚಲೋ ಐತ್ರಿ, ಹೋದ ವರ್ಷ ಕಾಯಂ ಆತು” ಎಂದೆ.

ಉಪ್ಪಿಟ್ಟು ಬಂತು. ದೊಡ್ಡವ್ವ ಅದಕ್ಕೆ ದೂರದಿಂದಲೇ ಕೈಮುಗಿದರು. ಚಹಾ ತಣ್ಣಗಾಯಿತು. “ಹೋಗಿ ತಿಳಸ್ತೇವ್ರಿ” ಎಂದು ಎದ್ದೇಬಿಟ್ಟರು. ತಿಳಿಸುತ್ತೇವೆ ಎಂದವರು ಯಾರೂ ತಿಳಿಸುವುದಿಲ್ಲವೆಂದು ಹೆಣ್ಣು ಹೆತ್ತವರಿಗೆಲ್ಲ ಗೊತ್ತು. ಉಪ್ಪಿಟ್ಟು ತಂದಿದ್ದ ಗಿರಿಜಾ ತಾಟನ್ನು ಹಾಗೇ ಎತ್ತಿಕೊಂಡಳು. ಆದರೆ ಮುತ್ತೈದೆ ಕುಂಕುಮ ಹಚ್ಚಿಸಿಕೊಳ್ಳದೆ ಹೊಸಿಲು ದಾಟುವಂತಿಲ್ಲವಲ್ಲ. ಅವ್ವ ಅವರನ್ನು ಒಳಗೆ ಕರೆದೊಯ್ದಳು. ಗಿರಿಜಾ ಹಿಂದೆ ಹೋಗುವಾಗ ನನ್ನ ಕಡೆ ನೋಡಿದ ನೋಟಕ್ಕೆ ಯಾವ ಕ್ರಿಮಿಯೂ ಬದುಕುತ್ತಿರಲಿಲ್ಲ. ನಾನು ಬಾಗಿಲ ಮರೆಗೆ ನಿಂತೆ.

ಗಿರಿಜಾಳ ಕೈಯಿಂದ ಕುಂಕುಮ ಹಚ್ಚಿಸಿಕೊಳ್ಳುತ್ತಲೇ ದೊಡ್ಡವ್ವ ಅವ್ವನನ್ನು ನೇರ ಕೇಳಿದರು: “ಸಿಟ್ಟಾಗಬ್ಯಾಡ್ರಿ ತಂಗೀ. ಆ ಪಟದಾಗಿನ್ವು, ಹುಡುಗಿಗೆ ಯಾವದೈತಿ?”

ಕನ್ಯಾ ನೋಡುವ ದಿನ ಹುಡುಗಿ ಮಾತಾಡಬಾರದು. ಗಿರಿಜಾ ಮಾತಾಡಿದಳು.

“ನಮಗ್ಯಾರಿಗೂ ರೋಗ ಇಲ್ರಿ ದೊಡ್ಡವ್ವಾರ. ಅವನ್ನೆಲ್ಲಾ ಅಣ್ಣ ಶಾಯಿಲೆ ಮಾಡ್ಯಾನ. ಅಂವಾ ಬಿ.ಎಸ್ಸಿ. ಓದ್ಯಾನ್ರಿ. ಓದಿದ ಮ್ಯಾಲಿಂದ ಹಿಂಗ.”

ದೊಡ್ಡವ್ವ ಪಡಸಾಲೆಯ ಕಡೆ ಒಮ್ಮೆ ನೋಡಿದರು. “ಮೊದಲ ಚಲೋ ಇದ್ರೇನು?”

“ಬಾಳ ಚಲೋ ಇದ್ದ ನೋಡ್ರಿ.”

“ಮನೆತನದಾಗ ಮತ್ತ ಯಾರಿಗರೆ ಐತೇನು? ನಾಳೆ ಇಕಿ ಮಕ್ಕಳಿಗೆ ಬಂದ್ರ ಅಂತ ಕೇಳಿದೆ.”

ಇದಕ್ಕೆ ಉತ್ತರ ಕೊಟ್ಟವಳು ಅವ್ವ. “ಇಲ್ರಿ ಯಕ್ಕಾ. ಏಳು ತಲಿಯೊಳಗ ಯಾರಿಗೂ ಇದ್ದಿಲ್ಲ. ಇವ ಒಬ್ಬನ.”

“ಹಂಗಾರ ಚಿಂತಿಲ್ಲ ಬಿಡ್ರಿ” ಎಂದು ದೊಡ್ಡವ್ವ ನೆಲದ ಮೇಲೆ ಕುಳಿತು ಉಪ್ಪಿಟ್ಟು ತರಿಸಿಕೊಂಡರು; ಚಹಾ ಬಿಸಿ ಮಾಡಲು ಹೇಳಿದರು. ಪಡಸಾಲೆಯಲ್ಲಿ ಹುಡುಗ ಮೊದಲ ಬಾರಿ ತಲೆಯೆತ್ತಿದ.

ಬಾಗಿಲ ಮರೆಯಲ್ಲಿ ನಿಂತಿದ್ದ ನನಗೆ ಸಿಟ್ಟು ಬರಬೇಕಾಗಿತ್ತು. ಆದರೆ ಏಳು ತಲೆಯೊಳಗೆ ಇವನೊಬ್ಬನೇ ಎಂದು ಅವ್ವ ಹೊರಗಿನವರ ಮುಂದೆ ಹೇಳಿದ ಮಾತು ಕಿವಿಗೆ ಬಿದ್ದದ್ದೇ ಎದೆ ತಾನಾಗಿಯೇ ಉಬ್ಬಿತು. ಏನು ಮಾಡುವುದು, ಈ ರೋಗದ ಮುಖ್ಯ ಲಕ್ಷಣವೇ ಅದು.